ಮುಚ್ಚುವ ದಿನವನ್ನು ಸೇತುವೆ ಆರಿಸಬಾರದು

ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್ 25ರಂದು ಮುಚ್ಚಿದಾಗ ಅದು ಕೆಲವು ದಿನಗಳ ಮಾತು ಎಂದೇ ಜನ ಅಂದುಕೊಂಡಿದ್ದರು. 102 ಮತ್ತು 103ನೇ ಪಿಲ್ಲರ್‌ಗಳ ಬಳಿ ಕೇಬಲ್ ಕೆಟ್ಟಿದೆ, ಸರಿಮಾಡಿ ಬಿಡುತ್ತಾರೆ ಎಂಬ ನಂಬಿಕೆ. ಕಾರು, ಬೈಕುಗಳಿಗೆ ದಾರಿ ತೆರೆದದ್ದು 2022ರ ಫೆಬ್ರವರಿಯಲ್ಲಿ. ಲಾರಿ, ಬಸ್ಸುಗಳು ಮತ್ತೆ ಮೇಲೇರಿದ್ದು 2024ರ ಜುಲೈ ಕೊನೆಗೆ. ಅದೂ ಶುಕ್ರವಾರ ನಿರ್ವಹಣೆಗೆ ಬಿಡುವು ಕೊಡಬೇಕೆಂಬ ಷರತ್ತಿನ ಮೇಲೆ. ಎರಡೂವರೆ ವರ್ಷ ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ ರಾಜಧಾನಿಗೆ ಬರುವ ಬಸ್ಸು, ಸರಕು ಲಾರಿಗಳೆಲ್ಲ ದಾಸರಹಳ್ಳಿ, ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸುಗಳ ಸಿಗ್ನಲ್ಲುಗಳಲ್ಲಿ ನಿಂತು ತೆವಳಿದವು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರಿಗೆ ಊರಿನ ಬಾಗಿಲಲ್ಲೇ ಬೆಳಗಿನ ಹೊತ್ತು ಕರಗುತ್ತಿತ್ತು.

ಅದೇ ಡಿಸೆಂಬರ್ 2ರಂದು ಜರ್ಮನಿಯಲ್ಲಿ ಇನ್ನೊಂದು ಸೇತುವೆ ಮುಚ್ಚಿತ್ತು. ಲ್ಯೂಡೆನ್‌ಶೈಡ್ ಊರಿನ ಹತ್ತಿರ ಎ45 ಹೆದ್ದಾರಿಯನ್ನು ಕಣಿವೆಯಾಚೆಗೆ ದಾಟಿಸುತ್ತಿದ್ದ ರಹ್ಮೇಡೆ ಮೇಲ್ಸೇತುವೆ 1960ರ ದಶಕದ್ದು. ಅದನ್ನು ಕೆಡವಿ ಹೊಸದು ಕಟ್ಟಬೇಕೆಂಬ ಮಾತು ಮುಂಚಿನಿಂದಲೂ ಇತ್ತು, ಮುಂದಕ್ಕೆ ಹೋಗುತ್ತಲೂ ಇತ್ತು. ಕೊನೆಗೆ ತಪಾಸಣೆಯಲ್ಲಿ ಉಕ್ಕಿನ ರಚನೆ ಡೊಂಕಾಗಿರುವುದು ಕಂಡು ಸಂಚಾರ ಪೂರ್ತಿ ನಿಂತಿತು. 2023ರ ಮೇ 7ರಂದು ಸ್ಫೋಟಕವಿಟ್ಟು ಕೆಡವಿದರು. ಈ ನಡುವೆ ಹೆದ್ದಾರಿಯ ಲಾರಿಗಳೆಲ್ಲ ಆ ಪುಟ್ಟ ಊರಿನ ಬೀದಿಗಳಲ್ಲಿ ನುಗ್ಗಿದವು.

ಒಂದು ಸೇತುವೆಗೆ ಹನ್ನೊಂದು ವರ್ಷ, ಇನ್ನೊಂದಕ್ಕೆ ಐವತ್ತು ದಾಟಿತ್ತು. ದೇಶ ಬೇರೆ, ಕಟ್ಟಿದ ಬಗೆ ಬೇರೆ. ಆದರೆ ಎರಡೂ ಕಡೆ ಮುಚ್ಚುವ ದಿನವನ್ನು ಆರಿಸಿದ್ದು ಸೇತುವೆಯೇ ಹೊರತು ಇಂಜಿನಿಯರ್ ಅಲ್ಲ, ಸಂಚಾರ ಪೊಲೀಸರಲ್ಲ, ಸರ್ಕಾರವೂ ಅಲ್ಲ. ದುರಸ್ತಿಯ ಹೊತ್ತನ್ನು ನಾವು ಆರಿಸಿಕೊಳ್ಳದಿದ್ದರೆ ಅದೇ ನಮ್ಮನ್ನು ಆರಿಸಿಕೊಳ್ಳುತ್ತದೆ. ಆಗ ಪರ್ಯಾಯ ರಸ್ತೆ ಸಿದ್ಧವಿರುವುದಿಲ್ಲ, ಹಣ ತೆಗೆದಿಟ್ಟಿರುವುದಿಲ್ಲ, ಟೆಂಡರ್ ಕರೆದಿರುವುದಿಲ್ಲ. ಕರ್ನಾಟಕ ಈಗ ಅಂಥ ಆಯ್ಕೆ ಮಾಡಿಕೊಳ್ಳಬೇಕಾದ ಕಾಲಕ್ಕೆ ಕಾಲಿಟ್ಟಿದೆ. ತಡಮಾಡಿದರೆ ಇನ್ನೊಂದು ಪೀಣ್ಯ ಬರುತ್ತದೆ. ಒಂದೇ ಬಾರಿಗೆ ಎರಡು ಬಂದರೆ ಬೆಂಗಳೂರು ತಡೆದುಕೊಳ್ಳಲಾರದು.

ಹೀಗೆನ್ನಲು ಕಾರಣ ಈ ಸೇತುವೆಗಳ ಒಡಲಲ್ಲಿಯೇ ಇದೆ. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕಾಗಿ ಒಳಗೆ ಕೊಳವೆ ಬಿಟ್ಟು, ಅದರಲ್ಲಿ ಬಲಿಷ್ಠ ಉಕ್ಕಿನ ತಂತಿಗಳ ಕೇಬಲ್ ತೂರಿಸಿ, ಜ್ಯಾಕ್ ಹಾಕಿ ಬಿಗಿಯಾಗಿ ಎಳೆದು ಎರಡೂ ತುದಿಯಲ್ಲಿ ಕಚ್ಚಿಸುತ್ತಾರೆ. ಇಡೀ ತೊಲೆ ಆಗ ಸದಾ ಒತ್ತಡದಲ್ಲಿರುತ್ತದೆ. ಇದೇ ಪ್ರೀಸ್ಟ್ರೆಸ್ ಕಾಂಕ್ರೀಟು. ಕಡಿಮೆ ಸಾಮಗ್ರಿಯಲ್ಲಿ ಉದ್ದದ ಸ್ಪ್ಯಾನ್ ನಿಲ್ಲುವುದರಿಂದ ಜಗತ್ತೆಲ್ಲ ಅದನ್ನು ಅಪ್ಪಿಕೊಂಡಿತು. ಕೇಬಲ್ ಎಳೆದ ಮೇಲೆ ಕೊಳವೆಯೊಳಗೆ ಸಿಮೆಂಟಿನ ಗ್ರೌಟ್ ತುಂಬಬೇಕು. ಅದು ತಂತಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗ್ರೌಟ್ ಸರಿಯಾಗಿ ತುಂಬದೆ ಎಲ್ಲೋ ಟೊಳ್ಳು ಉಳಿದರೆ ಅಲ್ಲಿ ನೀರು, ಗಾಳಿ ಸೇರುತ್ತವೆ. ಎಳೆತದಲ್ಲಿರುವ ತಂತಿಗೆ ತುಕ್ಕು ಹತ್ತಿದರೆ ಅದು ನಿಧಾನವಾಗಿ ಸವೆಯುತ್ತಾ ಕೂರುವುದಿಲ್ಲ, ಒಂದು ದಿನ ಪಟ್ಟನೆ ಕತ್ತರಿಸಿಹೋಗುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಬಳಿದ ಕಾಂಕ್ರೀಟು ಹಾಗೇ ಇರುತ್ತದೆ.

ಪೀಣ್ಯದಲ್ಲಿ ಆದದ್ದು ಇಂಥ ಕಥೆಯೇ. ಮೊದಲು ಕಂಡ ದೋಷ ಒಂದೆರಡು ಕಡೆ. ತಜ್ಞರು ಉಳಿದ ಕಡೆಯೂ ಕೈಯಿಟ್ಟು ನೋಡಿದಾಗ ವಿಷಯ ಇಡೀ ಸೇತುವೆಯದಾಯಿತು. 120 ಸ್ಪ್ಯಾನ್‌ಗಳಿಗೆ ಎರಡೆರಡರಂತೆ 240 ಹೊಸ ಕೇಬಲ್‌ಗಳನ್ನು ಸೇರಿಸಿದ ಮೇಲೆಯೇ ಭಾರಿ ವಾಹನಗಳ ಮಾತು ಎತ್ತಲು ಸಾಧ್ಯವಾದದ್ದು.

ಈ ಬಗೆಯ ಕಾಯಿಲೆ ಹೊಸದೇನಲ್ಲ. ನೆರೆಯ ಗೋವಾದಲ್ಲಿ ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದಾಗ ಅದಕ್ಕೆ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾರಣ ಒಳಗಿನ ಕೇಬಲ್‌ಗಳ ತುಕ್ಕು. ಅದಕ್ಕೂ ಮೊದಲು, 1985ರಲ್ಲಿ, ವೇಲ್ಸ್‌ನ ಇನಿಸ್-ಇ-ಗ್ವಾಸ್ ಎಂಬ ಸಣ್ಣ ಸೇತುವೆ ಯಾವ ಸೂಚನೆಯನ್ನೂ ಕೊಡದೆ ಬಿತ್ತು. ಪುಣ್ಯಕ್ಕೆ ಆಗ ಮೇಲೆ ಯಾರೂ ಇರಲಿಲ್ಲ. ಆದರೂ ಬ್ರಿಟನ್ ಅದನ್ನು ಸಣ್ಣ ಊರಿನ ಸಣ್ಣ ಸುದ್ದಿ ಎಂದು ಬಿಡಲಿಲ್ಲ. ಕೇಬಲ್ ಎಳೆದು ಗ್ರೌಟ್ ತುಂಬುವ ಸೇತುವೆಗಳಿಗೆಂದೇ ವಿಶೇಷ ತಪಾಸಣೆ ಆರಂಭಿಸಿತು. 1992ರಿಂದ ಕೆಲವು ವರ್ಷ ಅಂಥ ಹೊಸ ಸೇತುವೆಗಳನ್ನು ಕಟ್ಟುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಪೀಣ್ಯದ ಬಳಿಕ ಆಗಬೇಕಿದ್ದ ಮೊದಲ ಕೆಲಸ ಅದು: ಒಂದು ಸೇತುವೆಯ ರೋಗವನ್ನು ಇಡೀ ಪೀಳಿಗೆಗೆ ಬಂದ ಎಚ್ಚರಿಕೆ ಎಂದು ಓದುವುದು.

ಏಕೆಂದರೆ ಬೆಂಗಳೂರಿನ ದೊಡ್ಡ ಮೇಲ್ಸೇತುವೆಗಳೆಲ್ಲ ಹೆಚ್ಚುಕಡಿಮೆ ಓರಗೆಯವು. ಸಿರ್ಸಿ ಸರ್ಕಲ್‌ನದು 1999ರಲ್ಲಿ ತೆರೆಯಿತು, ಹೆಬ್ಬಾಳದ್ದು 2003ರಲ್ಲಿ. ಸುಮಾರು ಹತ್ತು ಕಿಲೋಮೀಟರ್ ಉದ್ದದ ಎಲೆಕ್ಟ್ರಾನಿಕ್ ಸಿಟಿ ಮೇಲ್ರಸ್ತೆ 2010ರ ಜನವರಿಯಲ್ಲಿ ತೆರೆದರೆ ಪೀಣ್ಯದ್ದೂ ಅದೇ ವರ್ಷದ್ದು. ಹೊರವರ್ತುಲ ರಸ್ತೆಯ ಸಾಲು ಸಾಲು ಸೇತುವೆಗಳು ಈ ಹತ್ತು ಹನ್ನೆರಡು ವರ್ಷಗಳ ಅವಧಿಯವೇ. ಇವೆಲ್ಲ ಕೆಟ್ಟಿವೆ ಎಂದು ನಾವು ಹೇಳುತ್ತಿಲ್ಲ. ಆದರೆ ಬೇರಿಂಗ್, ಎಕ್ಸ್‌ಪ್ಯಾನ್ಷನ್ ಜಾಯಿಂಟ್, ನೀರು ಹೋಗುವ ಕೊಳವೆ, ಕೇಬಲ್‌ನ ತುದಿಗಳು ಇವೆಲ್ಲವೂ ಒಂದೇ ಕಾಲಕ್ಕೆ ಮೊದಲ ದೊಡ್ಡ ದುರಸ್ತಿಯನ್ನು ಕೇಳುವ ವಯಸ್ಸಿಗೆ ಬರುತ್ತಿವೆ. ಸುಮನಹಳ್ಳಿ ಮೇಲ್ಸೇತುವೆಯ ರಸ್ತೆಯಲ್ಲಿ 2019ರಲ್ಲಿ ತೂತು ಬಿದ್ದು ಕಂಬಿ ಕಾಣಿಸಿತು, 2022ರಲ್ಲಿ ಮತ್ತೊಮ್ಮೆ ಬಿತ್ತು. ಎರಡು ಸಲವೂ ಅದನ್ನು ಪತ್ತೆಹಚ್ಚಿದ್ದು ವೇಳಾಪಟ್ಟಿಯ ತಪಾಸಣೆಯಲ್ಲ, ತೂತೇ.

ವಯಸ್ಸಿನ ಜೊತೆಗೆ ಹೊರೆಯೂ ಏರಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಸರಕು ವಾಹನಗಳ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಮೂರು ಆಕ್ಸಲ್‌ನ ಲಾರಿಗೆ 25 ಟನ್ ಇದ್ದ ಮಿತಿ 28.5 ಟನ್ ಆಯಿತು. ಇದು ಕಾನೂನು ಒಪ್ಪುವ ಭಾರ. ಮರಳು, ಜಲ್ಲಿ, ಅದಿರು ತುಂಬಿದ ಗಾಡಿಗಳು ಇದಕ್ಕಿಂತ ಎಷ್ಟು ಹೆಚ್ಚು ಹೊತ್ತು ಓಡುತ್ತವೆ ಎಂಬುದನ್ನು ನಮ್ಮ ಹೆದ್ದಾರಿ ಬದಿಯ ಹಳ್ಳಿಗಳವರಿಗೆ ಹೇಳಿಕೊಡಬೇಕಿಲ್ಲ.

ಕರಾವಳಿಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಉಪ್ಪುಗಾಳಿ ಉಕ್ಕಿನ ಹಗೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಕಾರವಾರದ ಕಾಳಿ ನದಿಗೆ ಹೊಸ ಸೇತುವೆ ಬಂತು, ನಾಲ್ಕು ದಶಕದ ಹಳೆಯದನ್ನೂ ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಂಡರು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಅದೇ ಬೆಳಗಿನ ಹೊತ್ತಾಗಿದ್ದರೆ? ಉತ್ತರ ಗುಜರಾತಿನಲ್ಲಿದೆ. 2025ರ ಜುಲೈ 9ರಂದು ಬೆಳಿಗ್ಗೆ ಮಹಿಸಾಗರ್ ನದಿಯ ಮೇಲಿನ ಗಂಭೀರಾ ಸೇತುವೆ ಮುರಿದು ವಾಹನಗಳು ನೀರಿಗೆ ಬಿದ್ದವು, ಸುಮಾರು ಇಪ್ಪತ್ತು ಜನ ಸತ್ತರು. ಅದೂ 1980ರ ದಶಕದ ಸೇತುವೆ. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಬಿದ್ದು 43 ಜನ ತೀರಿಕೊಂಡರು. ಅಲ್ಲಿ ಒಂದು ಗೋಪುರದ ಕೇಬಲ್‌ಗಳನ್ನು 1990ರ ದಶಕದಲ್ಲೇ ಬಲಪಡಿಸಲಾಗಿತ್ತು. ಕುಸಿದದ್ದು ಬಲಪಡಿಸದೆ ಬಿಟ್ಟ ಗೋಪುರ. ಕಾಯಿಲೆ ಗೊತ್ತಿದ್ದು, ಮದ್ದೂ ಗೊತ್ತಿದ್ದು, ಸರದಿ ಮಾತ್ರ ಬಂದಿರಲಿಲ್ಲ.

ಹಾಗಾದರೆ ಸಂಚಾರ ನಿಲ್ಲಿಸದೆ ದುರಸ್ತಿ ಸಾಧ್ಯವೇ? ಪೂರ್ತಿ ಸಾಧ್ಯವಿಲ್ಲ. ಆದರೆ ಕಷ್ಟವನ್ನು ಹಂಚಬಹುದು, ಮೊದಲೇ ಹೇಳಬಹುದು, ಮೊಟಕುಗೊಳಿಸಬಹುದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಮೇಲ್ಸೇತುವೆ 1961ರದು, ಒಳಗೆ ಪ್ರೀಸ್ಟ್ರೆಸ್ ಕೇಬಲ್. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಒಳಗಿಳಿದು ತಂತಿಗಳನ್ನು ತಿನ್ನುತ್ತಿತ್ತು. ತಂತಿ ಕತ್ತರಿಸಿದ ಸದ್ದನ್ನು ಹಿಡಿಯಲು ಅಲ್ಲಿ ಸಂವೇದಕಗಳನ್ನು ಅಂಟಿಸಿದ್ದರು. 2011ರ ಡಿಸೆಂಬರ್‌ನಲ್ಲಿ ಸೇತುವೆ ಮುಚ್ಚಿತು. ಮೂರೇ ವಾರಕ್ಕೆ ಹಗುರ ವಾಹನಗಳಿಗೆ ತೆರೆಯಿತು. ಮುಖ್ಯ ಸ್ಪ್ಯಾನ್‌ಗಳಿಗೆ ಹೊಸ ಕೇಬಲ್ ಹಾಕಿ 2012ರ ಒಲಿಂಪಿಕ್ಸ್‌ಗೆ ಮುನ್ನ, ಮೇ ತಿಂಗಳಲ್ಲೇ, ಎಲ್ಲ ವಾಹನಗಳನ್ನೂ ಬಿಟ್ಟರು. ಉಳಿದ ದುರಸ್ತಿ ಸಂಚಾರದ ನಡುವೆಯೇ 2015ರವರೆಗೆ ನಡೆಯಿತು. ಕಾಯಿಲೆ ಪೀಣ್ಯದ್ದೇ ಜಾತಿಯದು. ವ್ಯತ್ಯಾಸ ಮಾಡಿದ್ದು ಆ ಸೇತುವೆಯ ಬಗ್ಗೆ ಮೊದಲೇ ಕೂಡಿಟ್ಟಿದ್ದ ಮಾಹಿತಿ.

ಬರ್ಮಿಂಗ್‌ಹ್ಯಾಮ್ ಬಳಿಯ ಎಂ5 ಹೆದ್ದಾರಿಯ ಓಲ್ಡ್‌ಬರಿ ಮೇಲ್ಸೇತುವೆಯಲ್ಲಿ 2017ರಿಂದ ನಡೆದ ದುರಸ್ತಿ ಇನ್ನೊಂದು ಪಾಠ. ಒಂದು ಬದಿಯನ್ನು ಮುಚ್ಚಿ, ಇನ್ನೊಂದು ಬದಿಯಲ್ಲೇ ಎರಡೂ ದಿಕ್ಕಿನ ವಾಹನಗಳನ್ನು ಕಿರಿದಾದ ಲೇನುಗಳಲ್ಲಿ, ತಗ್ಗಿಸಿದ ವೇಗದಲ್ಲಿ ಸಾಗಿಸಿದರು. ಆದರೂ ಕೆಲಸ ಹೇಳಿದ ಗಡುವನ್ನು ಮೀರಿತು. ಮೇಲಿನ ಡಾಂಬರು ತೆಗೆದಾಗ ಕೆಟ್ಟ ಕಾಂಕ್ರೀಟು ಅಂದಾಜಿಗಿಂತ ಹೆಚ್ಚು ಕಂಡಿತ್ತು. ಹಳೆಯ ಸೇತುವೆಯ ದುರಸ್ತಿಗೆ ಕೊಡುವ ಯಾವ ದಿನಾಂಕವೂ ಒಳಗನ್ನು ಪರೀಕ್ಷಿಸದೆ ನಂಬತಕ್ಕದ್ದಲ್ಲ ಎಂಬುದನ್ನು ನಮ್ಮ ಮಂತ್ರಿಗಳೂ ಅಧಿಕಾರಿಗಳೂ ನೆನಪಿಡಬೇಕು. ಭಾರದ ಮಿತಿಯೂ ಅಷ್ಟೇ. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ರೈನ್ ನದಿಯ ಹಳೆಯ ಸೇತುವೆಗೆ ಲಾರಿ ನಿಷೇಧದ ಬೋರ್ಡು ಹಾಕಿದರೂ ಚಾಲಕರು ನುಗ್ಗುವುದು ನಿಲ್ಲಲಿಲ್ಲ. 2016ರಲ್ಲಿ ತಡೆಗೇಟು ಹಾಕಿದ ಮೇಲೆಯೇ ನಿಂತಿತು.

ನಮ್ಮದೇ ಅನುಭವವೂ ಇದೆ. ಶಿರಾಡಿ ಘಾಟಿಯ ರಸ್ತೆಗೆ ಕಾಂಕ್ರೀಟ್ ಹಾಸಲು 2015ರಲ್ಲಿ, ಮತ್ತೆ 2018ರಲ್ಲಿ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿದ್ದರು. ಹಾಸನ–ಮಂಗಳೂರು ನಡುವಿನ ವಾಹನಗಳು ಚಾರ್ಮಾಡಿ, ಸಂಪಾಜೆ ಹಾದಿ ಹಿಡಿದವು. ಜನ ಗೊಣಗಿದರು, ಆದರೆ ಒಪ್ಪಿಕೊಂಡರು. ಯಾವಾಗ ಮುಚ್ಚುತ್ತದೆ, ಯಾವ ದಾರಿ ಹಿಡಿಯಬೇಕು ಎಂಬುದು ಮೊದಲೇ ಗೊತ್ತಿತ್ತು. ಕೇಳಿದರೆ ತಾಳ್ಮೆ ಕೊಡುವ ಜನ ನಮ್ಮವರು. ಕೇಳದೆ ಕಸಿದುಕೊಂಡಾಗಲೇ ಸಿಟ್ಟು.

ಇನ್ನು ಯಾರ ಜವಾಬ್ದಾರಿ ಎಂಬ ಪ್ರಶ್ನೆ. ಒಂದೇ ಊರಿನ ಮೇಲ್ಸೇತುವೆಗಳಲ್ಲಿ ಕೆಲವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದವು, ಕೆಲವನ್ನು ಬಿಡಿಎ ಕಟ್ಟಿ ಪಾಲಿಕೆಗೆ ಒಪ್ಪಿಸಿತು, ಕೆಲವನ್ನು ಮೆಟ್ರೊ ನಿಗಮ ಕಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದವು. ಸೇತುವೆ ಕೈಬದಲಾದಾಗ ಅದರ ನಕ್ಷೆ, ಕೇಬಲ್ ಎಳೆದ ದಾಖಲೆ, ಗ್ರೌಟ್ ತುಂಬಿದ ದಿನಚರಿ, ಹಿಂದಿನ ದುರಸ್ತಿಯ ವರದಿ ಕೈಬದಲಾಗುತ್ತವೆಯೇ? ಆಗದಿದ್ದರೆ ಮುಂದಿನ ಇಂಜಿನಿಯರ್ ಕತ್ತಲಲ್ಲಿ ತಡಕಾಡಬೇಕು. ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸೇತುವೆ, ಮೋರಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿತು, ಅದರಲ್ಲಿ 1.7 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಪಟ್ಟಿ ಬೇಕು. ಆದರೆ ಲೆಕ್ಕ ಮಾಡಿದ್ದೇ ಪರೀಕ್ಷೆ ಮಾಡಿದಂತಾಗದು.

ಆದ್ದರಿಂದ ನಮ್ಮ ಒತ್ತಾಯ ನಾಲ್ಕು. ಮೊದಲನೆಯದು, ರಾಜ್ಯದಲ್ಲಿ ಕೇಬಲ್ ಹಾಕಿ ಕಟ್ಟಿದ, ಹತ್ತು ವರ್ಷ ದಾಟಿದ ಪ್ರತಿ ದೊಡ್ಡ ಸೇತುವೆಗೆ ಒಳಗಿನ ತಪಾಸಣೆ ಆಗಲಿ. ಕೆಳಗೆ ನಿಂತು ತಲೆಯೆತ್ತಿ ನೋಡಿ ಸಹಿ ಹಾಕುವ ತಪಾಸಣೆಯಲ್ಲ, ಕೊಳವೆಗೆ ಕ್ಯಾಮೆರಾ ಇಳಿಸಿ, ಅಗತ್ಯವಿದ್ದಲ್ಲಿ ಭಾರ ಹೇರಿ ನೋಡುವ ತಪಾಸಣೆ. ಮೊದಲ ಸರದಿ ಕರಾವಳಿಯ ಹಳೆಯ ಸೇತುವೆಗಳದು. ಎರಡನೆಯದು, ಯಾವ ಇಲಾಖೆ ಕಟ್ಟಿದ್ದರೂ ಬೆಂಗಳೂರಿನ ಎಲ್ಲ ಮೇಲ್ಸೇತುವೆಗಳಿಗೂ ಸೇರಿ ಹತ್ತು ವರ್ಷದ ಒಂದೇ ದುರಸ್ತಿ ಪಂಚಾಂಗ ಇರಲಿ. ತುಮಕೂರು ರಸ್ತೆಯ ಕೆಲಸವೂ ಹೆಬ್ಬಾಳದ ಕೆಲಸವೂ ಒಂದೇ ತಿಂಗಳಲ್ಲಿ ಬೀಳದಂತೆ ನೋಡಿಕೊಳ್ಳುವ ಅಧಿಕಾರ ಒಬ್ಬರ ಕೈಯಲ್ಲಿರಲಿ. ಮೂರನೆಯದು, ಭಾಗಶಃ ಮುಚ್ಚುವ ಸಂದರ್ಭ ಬಂದರೆ ಉಳಿದ ಜಾಗದ ಮೊದಲ ಹಕ್ಕು ಸೇತುವೆ ತಾಳುವಷ್ಟು ಮಟ್ಟಿಗೆ ಬಸ್ಸಿನದ್ದಾಗಲಿ. ಪೀಣ್ಯದಲ್ಲಿ ಐವತ್ತು ಜನರನ್ನು ಹೊತ್ತ ಬಸ್ಸು ಕೆಳಗೆ ನಿಂತಿತ್ತು, ಒಬ್ಬರಿದ್ದ ಕಾರು ಮೇಲೆ ಹೋಗುತ್ತಿತ್ತು. ತೂಕದ ಲೆಕ್ಕದಲ್ಲಿ ಅದು ಅನಿವಾರ್ಯವೇ ಆಗಿದ್ದಿರಬಹುದು. ಆದರೆ ಕೆಳಗಿನ ರಸ್ತೆಯಲ್ಲಾದರೂ ಬಸ್ಸಿಗೆ ಬೇರೆ ಲೇನು ಕೊಡಬಹುದಿತ್ತು, ಲಾರಿಗಳನ್ನು ನಗರದ ಹೊರಗಿನಿಂದಲೇ ತಿರುಗಿಸಬಹುದಿತ್ತು. ನಾಲ್ಕನೆಯದು, ಪ್ರತಿ ಸೇತುವೆಯ ತಪಾಸಣಾ ವರದಿ, ಭಾರದ ಮಿತಿ, ಮುಂದಿನ ಪರೀಕ್ಷೆಯ ತಿಂಗಳು ಜನರ ಕಣ್ಣಿಗೆ ಬೀಳಲಿ. ಟೋಲ್ ಕಟ್ಟುವವನಿಗೆ ತಾನು ಹತ್ತುವ ಸೇತುವೆಯ ಆರೋಗ್ಯ ಕೇಳುವ ಹಕ್ಕಿದೆ.

ಇದಕ್ಕೆಲ್ಲ ಹಣ ಬೇಕು. ಅದನ್ನು ಹೊಸ ಯೋಜನೆಗಳ ಮಿಕ್ಕ ಕಾಸಿನಿಂದ ಹೊಂದಿಸುವ ರೂಢಿ ಹೋಗಬೇಕು. ಹೊಸ ಮೇಲ್ಸೇತುವೆಗೆ, ಸುರಂಗ ರಸ್ತೆಗೆ ಅನುಮೋದನೆ ಕೊಡುವ ಪ್ರತಿ ಕಡತದಲ್ಲೂ ಮುಂದಿನ ಮೂವತ್ತು ವರ್ಷದ ನಿರ್ವಹಣೆಯ ಖರ್ಚು ಪ್ರತ್ಯೇಕವಾಗಿ ಬರೆದಿರಲಿ, ಬೊಕ್ಕಸದಲ್ಲಿ ಅದಕ್ಕೆ ಬೇರೆಯೇ ತಲೆಬರಹ ಇರಲಿ. ಅಷ್ಟು ಹಣ ತೆಗೆದಿಡಲು ಆಗದು ಎಂದಾದರೆ ಆ ಸೇತುವೆಯನ್ನು ಕಟ್ಟುವ ಶಕ್ತಿಯೂ ನಮಗಿಲ್ಲ ಎಂದೇ ಅರ್ಥ.