ಒಂದು ಚುಕ್ಕಿ ಹೇಳಿದ್ದು

ದೊಡ್ಡಪ್ಪನ ಕೆನ್ನೆ ಮೇಲೆ ಕೆಂಪಗೆ ಒಂದು ಗಂಟು ಎದ್ದಿತ್ತು. ‘ನೋವಿಲ್ಲ ಕಣೋ, ಕುರು ಇರಬೇಕು’ ಅಂದರು. ಆರು ವಾರದಲ್ಲಿ ಅದು ಗೋಲಿಯಷ್ಟಾಯ್ತು. ಬಯಾಪ್ಸಿ ರಿಪೋರ್ಟ್ ಬಂತು: ಮರ್ಕೆಲ್ ಸೆಲ್ ಕಾರ್ಸಿನೋಮ. ಅಪರೂಪದ, ಬೇಗ ಹರಡುವ ಚರ್ಮದ ಕ್ಯಾನ್ಸರ್.

ಹೇಗೆ ಗೊತ್ತಾಯ್ತು ಅಂತ ಡಾಕ್ಟರನ್ನ ಕೇಳಿದೆ. ಮನೆಗೆ ಕಂಬ, ತೊಲೆ ಇದ್ದ ಹಾಗೆ ಜೀವಕೋಶದೊಳಗೆ ಪ್ರೋಟೀನ್ ಎಳೆಗಳಿರುತ್ತವೆ. ಈ ಕ್ಯಾನ್ಸರಿನಲ್ಲಿ ಸೈಟೋಕೆರಾಟಿನ್ 20 ಎಂಬ ಎಳೆಗಳು ನ್ಯೂಕ್ಲಿಯಸ್ ಪಕ್ಕ ಉಂಡೆಗಟ್ಟಿ, ಬಣ್ಣ ಹಾಕಿದಾಗ ಚುಕ್ಕಿಯಂತೆ ಕಾಣುತ್ತವಂತೆ. ಶ್ವಾಸಕೋಶದಿಂದ ಹರಡಿದ ಸ್ಮಾಲ್ ಸೆಲ್ ಕ್ಯಾನ್ಸರ್ ನೋಡೋಕೆ ಹೀಗೇ ಇದ್ದರೂ, ಅದರಲ್ಲಿ ಸಾಮಾನ್ಯವಾಗಿ ಈ ಚುಕ್ಕಿ ಇರಲ್ಲ. ಚಿಕಿತ್ಸೆಯ ದಾರಿಯೂ ಬೇರೆ.

ದಿನವಿಡೀ ಕೋಡಿನಲ್ಲಿ ಬಗ್ ಹುಡುಕುವ ನಾನು, ಕಣ್ಣೆದುರಿನ ಗಂಟನ್ನು ಆರು ವಾರ ಕಡೆಗಣಿಸಿದ್ದೆ. ಸರ್ಜರಿ ಆಗಿದೆ, ರೇಡಿಯೇಶನ್ ನಡೀತಿದೆ. ನಿಮ್ಮನೇಲಿ ಯಾರಾದರೂ ‘ನೋವಿಲ್ಲ’ ಅಂದರೆ ಸುಮ್ಮನಾಗಬೇಡಿ. ಬೆಳೀತಿದೆಯಾ ನೋಡಿ.