ಬೆನ್ನುಮೂಳೆಗೆ ಸೂಜಿ ಹಾಕ್ತಾರಂತೆ!

'ಅಸ್ಥಿಮಜ್ಜೆ ದಾನ' ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಬೆನ್ನುಮೂಳೆಗೆ ಇಳಿಯುವ ದಪ್ಪ ಸೂಜಿ. ವರ್ಷಕ್ಕೆರಡು ಸಲ ಖುಷಿಯಿಂದ ರಕ್ತ ಕೊಡುವವರೂ ಈ ಹೆಸರು ಕೇಳಿ ಮೆಲ್ಲಗೆ ಜಾರಿಕೊಳ್ಳುತ್ತಾರೆ. ನನ್ನ ಪ್ರಕಾರ ತಪ್ಪು ಅವರದ್ದಲ್ಲ, ಆ ಹೆಸರಿನದ್ದು.

ಒಳಗೆ ನಡೆಯೋದೇನು ನೋಡಿ. ರಕ್ತ ತಯಾರಿಸುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಮಜ್ಜೆಯಲ್ಲಿ ಸುಮ್ಮನೆ ತುಂಬಿಕೊಂಡಿಲ್ಲ. ಅಲ್ಲಿನ ಅಕ್ಕಪಕ್ಕದ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕವನ್ನು ಸ್ರವಿಸುತ್ತಿರುತ್ತವೆ. ಆಕರಕೋಶದ ಮೈಮೇಲಿರುವ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ. ಕೊಟ್ಟಿಗೆಯ ವಾಸನೆ ಹಿಡಿದು ಹಸು ಮನೆಗೆ ಬರುತ್ತಲ್ಲ, ಹಾಗೆ. ಆ ಸಂಕೇತ ಇರುವವರೆಗೆ ಕೋಶ ಮನೆ ಬಿಡೋದಿಲ್ಲ.

1990ರ ದಶಕದಲ್ಲಿ ಎಚ್‌ಐವಿ ತಡೆಯಲೆಂದು ಈ ಗ್ರಾಹಕವನ್ನೇ ಮುಚ್ಚುವ ಔಷಧಿಯೊಂದನ್ನು ಆರೋಗ್ಯವಂತರ ಮೇಲೆ ಪರೀಕ್ಷಿಸಿದಾಗ, ಅವರ ರಕ್ತದಲ್ಲಿ ಬಿಳಿಕಣಗಳು ದಿಢೀರ್ ಏರಿದವು. ಹಗ್ಗ ಬಿಚ್ಚಿದೊಡನೆ ಕೋಶಗಳು ಹೊರಗೆ ಬಂದಿದ್ದವು! ಅದೇ ಪ್ಲೆರಿಕ್ಸಾಫೋರ್. 2008ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಎಚ್‌ಐವಿಗಲ್ಲ, ಕೆಲವು ಕ್ಯಾನ್ಸರ್ ರೋಗಿಗಳ ಆಕರಕೋಶಗಳನ್ನು ರಕ್ತಕ್ಕೆ ಹೊರಡಿಸಲು.

ದಾನಿಗಳಿಗೆ ಸಾಮಾನ್ಯವಾಗಿ ಕೊಡೋದು ಜಿ-ಸಿಎಸ್‌ಎಫ್ ಎಂಬ ಚುಚ್ಚುಮದ್ದು, ನಾಲ್ಕೈದು ದಿನ. ಇದು ಮಜ್ಜೆಯಲ್ಲಿ ಆ ಸಂಕೇತವನ್ನೇ ತಗ್ಗಿಸುತ್ತದೆ. ಕೋಶಗಳು ರಕ್ತಕ್ಕೆ ಬರುತ್ತವೆ, ತೋಳಿನಿಂದ ಕೆಲವು ಗಂಟೆಗಳಲ್ಲಿ ಯಂತ್ರ ಅವನ್ನು ಸೋಸಿ ತೆಗೆಯುತ್ತದೆ. ಮೈಕೈ ನೋವು, ತಲೆನೋವು ಬರಬಹುದು, ಅದನ್ನು ಮುಚ್ಚಿಡಬೇಕಿಲ್ಲ. ಮೂಳೆಯಿಂದಲೇ ತೆಗೆಯುವ ಹಳೆಯ ವಿಧಾನವೂ ಇದೆ. ಆದರೆ ಅದೂ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ. ಬೆನ್ನುಹುರಿಯ ಹತ್ತಿರವೂ ಹೋಗುವುದಿಲ್ಲ.

ರೋಗಿಗೆ ಕೊಡುವುದು ಇನ್ನೂ ಸರಳ, ಡ್ರಿಪ್ ಹಾಕಿದಂತೆ. ಕೋಶಗಳು ಅದೇ ವಾಸನೆ ಹಿಡಿದು ತಾವೇ ಮಜ್ಜೆ ಸೇರುತ್ತವೆ.

ಆದರೆ ಅದಕ್ಕೂ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ಔಷಧಿಯಿಂದ ನಾಶ ಮಾಡಿರುತ್ತಾರೆ. ಆ ಹೊತ್ತಿನಲ್ಲಿ ದಾನಿ ಹೆದರಿ 'ಬೇಡ' ಅಂದರೆ ಆ ಜೀವದ ಗತಿ? ಒಡಹುಟ್ಟಿದ ಒಬ್ಬೊಬ್ಬರೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ, ಉಳಿದವರಲ್ಲಿ ಹಲವರಿಗೆ ಅಪರಿಚಿತರೇ ದಿಕ್ಕು.

ಅದಕ್ಕೇ ಹೇಳೋದು, ಕೆನ್ನೆಯೊಳಗಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಹೆಸರು ಬರೆದುಕೊಳ್ಳುವ ಮೊದಲೇ ಇಷ್ಟನ್ನೂ ಬಿಡಿಸಿ ಹೇಳಿ. ಹೆಸರನ್ನೂ 'ರಕ್ತದ ಆಕರಕೋಶ ದಾನ' ಅಂತ ಬದಲಿಸಿ. ತಿಳಿದು ಒಪ್ಪಿದವರು ಸುಲಭಕ್ಕೆ ಹಿಂದೆ ಸರಿಯಲಾರರು. ನೀವೇನಂತೀರಿ?