ಇಂಪ್ಲಾಂಟ್ ಹಾಕಿಸ್ತೀರಾ? ಜಾಯಿಂಟ್ ಬಗ್ಗೆಯೂ ಕೇಳಿ

ಹಲ್ಲಿನ ಇಂಪ್ಲಾಂಟ್ ಅಂದ್ರೆ ಸಾಮಾನ್ಯವಾಗಿ ಒಂದೇ ತುಂಡಲ್ಲ. ದವಡೆ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ, ಅದಕ್ಕೆ ಸೇರಿಸುವ ಅಬಟ್‌ಮೆಂಟ್, ಮೇಲೆ ಕ್ಯಾಪ್. ಸಾಫ್ಟ್‌ವೇರ್‌ನಲ್ಲಿ ಎರಡು ಮಾಡ್ಯೂಲ್ ಸೇರುವ ಕಡೆಯೇ ತಲೆನೋವು ಜಾಸ್ತಿ, ಇಲ್ಲೂ ಹಾಗೇ. ಸ್ಕ್ರೂ, ಅಬಟ್‌ಮೆಂಟ್ ನಡುವೆ ಕೂದಲಿಗಿಂತ ಸಣ್ಣ ಸಂದಿ ಇರುತ್ತೆ. ಅಲ್ಲಿ ಬ್ಯಾಕ್ಟೀರಿಯಾ ಸೇರಿದರೆ ಪಕ್ಕದ ಮೂಳೆ ಕರಗಬಹುದು.

ಹಳೆಯ ವಿನ್ಯಾಸದಲ್ಲಿ ಅಬಟ್‌ಮೆಂಟ್ ಸ್ಕ್ರೂ ತಲೆಯ ಮೇಲೆ ಕೂರುತ್ತಿತ್ತು. ಜಗಿಯುವಾಗ ಅಲುಗಾಟ ಹೆಚ್ಚು. ಈಗಿನ ಶಂಕುವಿನಾಕಾರದ ಜಾಯಿಂಟ್‌ನಲ್ಲಿ ಅದು ಒಳಗಿಳಿದು ಬಿರಡೆಯಂತೆ ಬಿಗಿಯಾಗುತ್ತೆ.

ಇನ್ನೊಂದು ಉಪಾಯ ಪ್ಲಾಟ್‌ಫಾರ್ಮ್ ಸ್ವಿಚಿಂಗ್. 1990ರ ದಶಕದ ಆರಂಭದಲ್ಲಿ ಅಗಲವಾದ ಇಂಪ್ಲಾಂಟ್‌ಗೆ ಸರಿಹೊಂದುವ ಅಬಟ್‌ಮೆಂಟ್ ಸಿಗದೆ ಮಾಮೂಲಿ ಅಳತೆಯದನ್ನೇ ಕೂರಿಸಿದ್ದರು. ವರ್ಷಗಳ ನಂತರ ಎಕ್ಸ್‌ರೇ ನೋಡಿದರೆ ಮೂಳೆ ಚೆನ್ನಾಗಿ ಉಳಿದಿತ್ತು! ಅಬಟ್‌ಮೆಂಟ್ ಚಿಕ್ಕದಾದ್ದರಿಂದ ಸಂದಿ ಮೂಳೆಯಂಚಿನಿಂದ ದೂರ ಸರಿದಿತ್ತು.

ಹಾಗಂತ ಜಾಯಿಂಟ್ ಒಂದೇ ಕಾಪಾಡಲ್ಲ. ಸಿಗರೇಟ್ ಬಿಡಬೇಕು, ಒಸಡು ಸ್ವಚ್ಛ ಇರಬೇಕು. ಆದರೂ ಹಾಕಿಸುವ ಮೊದಲು ಡಾಕ್ಟರನ್ನ ಕೇಳಿ: ‘ಇದು ಯಾವ ಥರದ ಜಾಯಿಂಟ್? ನನ್ನ ಮೂಳೆಗೆ ಇದೇ ಯಾಕೆ?’ ಕಂಪನಿ, ಮಾಡೆಲ್, ಅಳತೆ ಬರೆಸಿಕೊಂಡು ಫೋಟೊ ತೆಗೆದಿಡಿ. ಮುಂದೆ ಅಬಟ್‌ಮೆಂಟ್ ಬದಲಿಸಬೇಕಾದರೆ ಬೇರೆ ಕಂಪನಿಯದು ಕೂರದೇ ಇರಬಹುದು.